ದಮ್ಮು

ಕೀಲಿ ತೆಗೆದ ಕೂಡಲೆ ಒಳಗ ಹೋಗಬ್ಯಾಡ್ರಿ ಆಪಾ,
ಮೊದಲು ಖೋಲಿ ಉಸುರು ಬಿಡಲಿ, ಅಂತೀನಿ.
ಹನ್ನೊಂದು ವರ್ಷ ಆಯ್ತು
ಬೀದರಿನ ಈ ರೆಕಾರ್ಡ್ ಖೋಲಿಯ ಕೀಲಿಕೈ ನನ್ನ ಉಡದಾರದಾಗ.

ಜಂಬಿಟ್ಟಿಗೆ ಕಲ್ಲಿನ ಗೋಡಿ,
ಆಷಾಢದಾಗ ಕುಡಿದದ್ದು ದೀಪಾವಳಿ ತನಕ ಬೆವರತದ.
ಅದಕ್ಕ ಒರಗಿ ನಿಂತ ಗಂಟುಗಳು:
ಸೇತ್ವಾರ, ಖಾಸ್ರಾ ಪಹಣಿ, ಇನಾಮಿನ ಫೈಸಲು.
ನಿಜಾಮನ ಕಾಲದ ಉರ್ದು,
ಮಳಿ ಹನಿ ಬಿದ್ದ ಇರುವಿ ಸಾಲಿನಂಗ ಚದುರಿದ್ದು.
ಅದನ್ನ ಓದಲಿಕ್ಕ ಈ ಕಚೇರಿಯಾಗ ಒಬ್ಬರೇ,
ಬದರುನ್ನಿಸಾ ಆಪಾ.
ದಿನಗೂಲಿ. ಕುರ್ಚಿಗಿ ಕೈ ಇಲ್ಲ.

ಓದವರು ಇನ್ನೊಬ್ಬರು ಇದ್ದಾರ,
ಅವರಿಗಿ ಪಗಾರ ಇಲ್ಲ, ಸೂಟಿ ಇಲ್ಲ.
ಕಪ್ಪು, ಹಸಿರು, ಒಮ್ಮೊಮ್ಮೆ ಅರಿಷಿಣ;
ಅಂಚಿಂದ ಶುರು ಮಾಡಿ, ಗೋಂದಿನ ರುಚಿ ಹಿಡಕೊಂಡು
ನಡುವಿನ ತನಕ ಓದತಾರ.
ಬೂಷ್ಟು ಅಂತೀವಿ.
ಓದಿದ ಸಾಲು ಮತ್ತೊಬ್ಬರಿಗಿ ಉಳಸಂಗಿಲ್ಲ.

ಮೊದಲ ವರ್ಷ ಏನೂ ಆಗಲಿಲ್ಲ.
ಆಪಾ ಹಾಳಿ ತೆಗೆದು, ಬಾಯಿ ಹತ್ತಿರ ತಂದು
ಉಫ್ ಅಂತ ಊದೋರು.
ಕಿಟಕಿ ಬಿಸಿಲಿನಾಗ ಧೂಳು ಮ್ಯಾಲೇರಿ
ಚಂದ ಕಾಣತಿತ್ತು, ಸುಳ್ಳು ಯಾಕ ಹೇಳಲಿ.
ಎರಡನೇ ಮಳಿಗಾಲಕ್ಕ ಸೀನು.
ಮೂರನೇದಕ್ಕ, ನಡುರಾತ್ರಿ ಎದ್ದು ಕೂತರ
ಎದಿಯೊಳಗ ಬೆಕ್ಕಿನ ಮರಿ ಅಳತಿತ್ತಂತ.
ಐತವಾರ ನೆಟ್ಟಗ. ಸೋಮವಾರ ಸಂಜಿಗಿ ಮತ್ತ ಅದೇ.
ಅವರ ತಾಯಿ ನೀರಿಗಿ ದಮ್ ಊದಿ ಕುಡಿಸಿದ್ರು,
ನಮ್ಮಾಕಿ ಆಡುಸೋಗಿ ಎಲಿ ಕುದಿಸಿ ಕೊಟ್ಟಳು.
ದಮ್ ಅಂದ್ರ ಉಸುರು ಭೀ, ಊದೋ ದುವಾ ಭೀ,
ಈ ರೋಗ ಭೀ.
ನಮ್ಮ ಊರಾಗ ಒಂದೊಂದು ಶಬ್ದಕ್ಕ ಬಾಳ ದುಡಿತ.

ದವಾಖಾನಿಗಿ ಜೋಡಿ ನಾ ಹೋದೆ.
ಡಾಕ್ಟರಮ್ಮ ಮುಂಗೈ ಮ್ಯಾಲ ಪೆನ್ನಿಲೆ ಹನ್ನೆರಡು ಚುಕ್ಕಿ ಇಟ್ಟು
ಚುಕ್ಕಿಗೊಂದು ಹನಿ, ಹನಿಗೊಂದು ಸೂಜಿಮೊನಿ:
ಜಿರಳಿ, ಹಾಸಿಗಿ ಧೂಳು, ಕಾಂಗ್ರೆಸ್ ಕಸ,
ತೊಗರಿ ಹೊಟ್ಟು ಭೀ ಇತ್ತೇನೋ.
ಹದಿನೈದು ಮಿನಿಟು ಗೋಡಿ ಗಡಿಯಾರ ನೋಡಿದ್ವಿ.
ಒಂಬತ್ತನೇದು ಎದ್ದಿತು,
ಕೆಂಪಗ, ಕಡ್ಲಿ ಬ್ಯಾಳಿಯಷ್ಟು.
"ಮನ್ಯಾಗ ಗೋಡಿ ಹಸಿ ಅದನು? ಕೂಲರ್ ಹುಲ್ಲು ಬದಲಿ ಮಾಡೀರಿ?"
"ಕಾಗದ," ಅಂದ್ರು ಆಪಾ.

ಆಮ್ಯಾಲ ಡಾಕ್ಟರಮ್ಮ ಹೇಳಿದ್ದು
ನಾ ನಮ್ಮ ಖೋಲಿ ಮಾತಿಗಿ ತಿರುವಿಕೊಂಡು ತಿಳಕೊಂಡೆ:
ಮೈಯಾಗ ಭೀ ಒಂದು ದಫ್ತರ ಅದ.
ಬೂಷ್ಟಿನ ಬೀಜ, ಕಣ್ಣಿಗಿ ಕಾಣದಷ್ಟು ಸಣ್ಣದು,
ಮೂಗಿನ ಚೌಕಿ ದಾಟಿ ಒಳಗ ಇಳೀತದ.
ಮೊದಲು ಯಾರೂ ಗದ್ದಲ ಮಾಡಂಗಿಲ್ಲ,
ಹೆಸರು ಬರಕೋತಾರ, ಅಷ್ಟ.
ವೈರಿ, ಅಂತ. ತಪ್ಪು ನೋಂದು.
ಮತ್ತ ಬಂದಾಗ ಪುಸ್ತಕ ತೆಗೆದು ನೋಡಿ
ಅಗಸಿ ಬಾಗಿಲು ಹಾಕಿಬಿಡತಾರ.
ಬೀಜ ಒಳಗೇ ಇರತದ,
ಗಾಳಿ ಹೊರಗ ನಿಂತು ಬಾಗಿಲು ಬಡೀತದ.

ತಿದ್ದುಪಡಿಗಿ ಅರ್ಜಿ ಎಲ್ಲಿ ಕೊಡಬೇಕ್ರಿ, ನಾ ಕೇಳಿದೆ.
ಡಾಕ್ಟರಮ್ಮ ನಕ್ಕರು.
ಆಪಾಗ ನಗಲಿಕ್ಕ ಉಸುರು ಸಾಲಲಿಲ್ಲ.

ಅದೇ ಗಾಳಿ ನಾ ಭೀ ಕುಡಿದವ.
ನನ್ನೊಳಗ ಯಾಕ ಯಾರೂ ಬರಕೊಂಡಿಲ್ಲ?
ಇದಕ್ಕ ಪೂರ್ತಿ ಜವಾಬು ಅವರ ಬಲ್ಲಿ ಇರಲಿಲ್ಲ.
ರಕ್ತದ ಕಡಿಂದ ಬರತದ, ಅಂದ್ರು;
ಆಪಾನ ಅಣ್ಣಗ ಸಣ್ಣವಿದ್ದಾಗ ಇಸಬು ಇತ್ತಂತ.
ಬ್ಯಾರೆ ಕೆಲಸ ನೋಡ್ರಿ, ಅಂದ್ರು.

ಮರುದಿನ ಕಚೇರಿ ಬೆಂಚಿನ ಮ್ಯಾಲ
ಜನವಾಡದ ಕಾಶಿಬಾಯಿ ಕೂತಿದ್ದಳು,
ಅಜ್ಜನ ಹೆಸರಿನ ನಾಲ್ಕು ಗುಂಟಿ ಹುಡುಕಿಕೊಂಡು, ಎಂಟನೇ ಸಲ.
ಆಪಾ ಪರ್ಸಿನಿಂದ ನೀಲಿ ಪಂಪು ತೆಗೆದು ಜಗ್ಗಿ,
ಮೂಗಿಗಿ ಎರಡು ಮಾಸ್ಕು ಕಟ್ಟಿ,
ಸರ್ವೆ ನಂಬರ್ ಹೇಳು, ಅಂದ್ರು.
ಆ ಹಾಳಿಯಾಗ ಅಜ್ಜನ ಅರ್ಧ ಹೆಸರು ಉಳದಿತ್ತು.

ಈಗ ದಸರಾ ಆಗ್ಯದ. ಮಾಳಗಿ ಮ್ಯಾಲ ಗಂಟು ಬಿಚ್ಚತೀನಿ,
ಹಾಳಿಗೊಂದು ಕಲ್ಲು.
ಔರಾದಿನ ಬಾಜೂಕ ಭಾಲ್ಕಿ ಬಿಸಿಲು ಕಾಸತದ,
ಒಂದು ಕಾಗಿ ಮೂರು ಊರಿನ ಇನಾಮು ತುಳಕೊಂತ ಹೋಯ್ತು.
ಆಪಾ ಜೀನಾದ ಕೆಳಗ ನಿಂತು
ಮೆಟ್ಟಲ ಮ್ಯಾಲ ಕಾಲಿಡೋಕಿಂತ ಮೊದಲು ಕೂಗತಾರ:
ಘಾಳೆಪ್ಪಾ, ಗಾಳಿ ಯಾವ ಕಡಿಂದ?

ನಾ ಹೆಗಲಿನ ಟವೆಲು ಎತ್ತಿ ಹಿಡದು ನೋಡತೀನಿ.